ಚಿರತೆಗೆ ಬಹುವಚನ

ನಮ್ಮ ಯಜಮಾನರದು ಫೋಟೊ ಸ್ಟುಡಿಯೊ. ಈಗ ಅವರೂ ಇಲ್ಲ, ಸ್ಟುಡಿಯೊವೂ ಇಲ್ಲ. ಆಗ ಮುಂದುಗಡೆ ಒಂದು ಸ್ಟೂಲು, ಅದರ ಹಿಂದೆ ನೀಲಿ ಪರದೆ, ಪರದೆಯಾಚೆ ಕೆಂಪು ಬಲ್ಬಿನ ಕತ್ತಲೆ ಕೋಣೆ. ಆ ಕೋಣೆಯಲ್ಲಿ ಅವರು ಮೂಡಿಸಿದ ಫೋಟೊಗಳನ್ನು ನೀರಲ್ಲಿ ತೊಳೆದು, ದಾರಕ್ಕೆ ಕ್ಲಿಪ್ಪು ಸಿಕ್ಕಿಸಿ ಒಣಗಿಸುವುದು ನನ್ನ ಕೆಲಸ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೆ ಊರಿನವರ ಮುಖಗಳನ್ನು ತಲೆಕೆಳಗಾಗಿಯೂ ಓದಬಲ್ಲೆ.

ಸ್ಟೂಲಿನ ಮೇಲೆ ಕೂತವರಿಗೆ ಇವರು ಹೇಳುತ್ತಿದ್ದುದು ಒಂದೇ ಮಾತು: "ಅಲ್ಲಾಡಬೇಡಿ. ಗದ್ದ ಸ್ವಲ್ಪ ಮೇಲೆ." ಆ ಮಾತು ಆಡದೆ ಅವರ ಬೆರಳು ಬಟನ್ ಒತ್ತುತ್ತಲೇ ಇರಲಿಲ್ಲ.

ಇವರಿಗೆ ಗೆಳೆಯರೆಂದರೆ ಇಬ್ಬರೇ: ವಾಚ್ ರಿಪೇರಿಯವರು, ಡ್ರಾಯಿಂಗ್ ಮೇಷ್ಟ್ರು. ಮೂವರಿಗೂ ಕಾಡುಪ್ರಾಣಿಗಳ ಫೋಟೊ ಹುಚ್ಚು. ವರ್ಷಕ್ಕೊಮ್ಮೆ ನಾಲ್ಕು ದಿನ ಬಾಡಿಗೆ ಜೀಪಿನಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಿದ್ದರು. ಆ ನಾಲ್ಕು ದಿನಕ್ಕಾಗಿ ಇವರು ಉಳಿದ ದಿನಗಳನ್ನೆಲ್ಲ ತಳ್ಳುತ್ತಿದ್ದರು. ಮಕ್ಕಳಿಲ್ಲದ ಮನೆ, ಕಾಯುವುದಕ್ಕೆ ಬೇರೇನಿತ್ತು?

ಒಂದು ವರ್ಷ ನನ್ನನ್ನೂ ಕರೆದುಕೊಂಡು ಹೋದರು. ಮೂರನೇ ದಿನ ಬೆಳಿಗ್ಗೆ ಕೆರೆಯ ದಂಡೆಗೆ ಚಿರತೆಯೊಂದು ಬಂದು ನೀರಿಗೆ ಬಗ್ಗಿತು. ಮೇಷ್ಟ್ರು ಒಂಬತ್ತು ವರ್ಷದಿಂದ ಅದಕ್ಕೇ ಕಾದವರು. ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದರು. ಅಷ್ಟರಲ್ಲಿ ಪಕ್ಕದಿಂದ ನಮ್ಮವರ ದನಿ, ಗಟ್ಟಿಯಾಗಿ: "ಅಲ್ಲಾಡಬೇಡಿ. ಗದ್ದ ಸ್ವಲ್ಪ ಮೇಲೆ."

ಚಿರತೆ ಗದ್ದ ಎತ್ತಿತು, ನಿಜ. ಎತ್ತಿದ್ದೇ ಪೊದೆಯೊಳಗೆ ಮಾಯ.

ವಾಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಯ್ಯಾ, ಚಿರತೆಗೂ ಬಹುವಚನವೇನಯ್ಯಾ! ಒಂದು ಕುರ್ಚಿನೂ ಹಾಕ್ಬೇಕಿತ್ತು."

"ಬಾಯಿಗೆ ಅಭ್ಯಾಸ ಕಣಯ್ಯಾ," ಎಂದು ಇವರೂ ನಕ್ಕರು.

ಮೇಷ್ಟ್ರು ನಗಲಿಲ್ಲ. "ಬಾಯಿಗೆ ಬೀಗ ಹಾಕ್ಕೊಳ್ಳೋಕೆ ಆಗ್ದೋರು ಸ್ಟುಡಿಯೋದಲ್ಲೇ ಇರ್ಬೇಕು," ಎಂದು ಕ್ಯಾಮೆರಾವನ್ನು ಚೀಲಕ್ಕೆ ತುರುಕಿದರು.

ಮರುವರ್ಷ ಇವರು ಲೆನ್ಸು ಒರೆಸಿಟ್ಟುಕೊಂಡು ಕಾದರು. ಮಾತಾಡದೆ ಬಟನ್ ಒತ್ತುವ ಅಭ್ಯಾಸಕ್ಕೆ ನನ್ನನ್ನೇ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ತುಟಿ ಕಚ್ಚಿಕೊಂಡು ಬೆವರುತ್ತಿದ್ದರು. "ಈ ಸಲ ಸುಮ್ನಿರ್ತೀನಿ ನೋಡೇ," ಎನ್ನುತ್ತಿದ್ದರು. ಕಾಡಿಗೆ ಹೋಗುವ ತಿಂಗಳು ಬಂತು, ಕಳೆದೂ ಹೋಯಿತು. ಯಾರೂ ಕರೆಯಲಿಲ್ಲ. ಮೇಷ್ಟ್ರಿಗೆ ರಜೆ ಸಿಕ್ಕಿಲ್ಲವೇನೋ ಎಂದು ತಮಗೆ ತಾವೇ ಹೇಳಿಕೊಂಡರು.

ಆಮೇಲೊಂದು ದಿನ ವಾಚಿನವರು ಫಿಲ್ಮ್ ರೋಲು ತಂದುಕೊಟ್ಟರು. "ಅಕ್ಕನ ಮಗಳ ಮದುವೇದು ಕಣಯ್ಯಾ, ಬೇಗ ತೊಳ್ದುಕೊಡು." ಅರ್ಧ ಉಳಿದಿದ್ದ ರೋಲನ್ನು ದಂಡ ಮಾಡಬಾರದೆಂದು ಮದುವೆಗೆ ಬಳಸಿದ್ದರು. ಮೊದಲರ್ಧದಲ್ಲಿ ಏನು ತೆಗೆದಿದ್ದರೆಂಬುದನ್ನೇ ಮರೆತಿದ್ದರು.

ಔಷಧಿಯ ತಟ್ಟೆಯಲ್ಲಿ ಮೊದಲು ಜಿಂಕೆಯ ಕೊಂಬು ಮೂಡಿತು. ಆಮೇಲೆ ಜೀಪು. ಮುಂದೆ ಡ್ರೈವರು, ಮೇಷ್ಟ್ರು. ಹಿಂದಿನ ಸೀಟು ಖಾಲಿ. ಇವರು ಅದನ್ನೇ ನೋಡುತ್ತ ನಿಂತುಬಿಟ್ಟರು. ಎತ್ತಬೇಕಾದ ಹೊತ್ತು ಮೀರಿ ಹಾಳೆ ಪೂರ್ತಿ ಕಪ್ಪಾಯಿತು. ಅಷ್ಟು ವರ್ಷಗಳಲ್ಲಿ ಅವರ ಕೈಯಲ್ಲಿ ಕೆಟ್ಟ ಫೋಟೊ ಅದೊಂದೇ.

"ಇನ್ನೊಂದು ಹಾಳೆ ಕೊಡೇ," ಎಂದರು.

ವಾಚಿನವರು ಬಂದು ಕವರು ಬಿಚ್ಚಿದರು. ಮೇಲೇ ಜಿಂಕೆ. ಅವರ ಮುಖ ಬಿಳಿಚಿಕೊಂಡಿತು.

"ಕರೀಬೇಕು ಅಂತಲೇ ಇದ್ವಿ ಕಣಯ್ಯಾ... ಜೀಪಲ್ಲಿ ಜಾಗ ಇರ್ಲಿಲ್ಲ."

ನಾನು ಪರದೆ ಸರಿಸಿ ಆಚೆ ಬರಬೇಕೆಂದಿದ್ದೆ. ಬರಲಿಲ್ಲ.

"ಹೌದೌದು," ಎಂದರು ಇವರು. "ಕ್ಯಾಮೆರಾ, ಚೀಲ ಎಲ್ಲಾ ಇಟ್ರೆ ಕಾಲು ಚಾಚೋಕೂ ಆಗಲ್ಲ ಅದ್ರಲ್ಲಿ. ಜಿಂಕೆ ಚೆನ್ನಾಗಿ ಬಂದಿದೆ, ನೋಡು."