ಹಡಗಿನ ಮೇಲಿನ ಕಣ

ಸಂಸೆಯ ಹತ್ತಿರದ ಆ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣ ಕಾಗದಪತ್ರದಲ್ಲಿ ಸಾಹುಕಾರರದು, ಜನರ ಬಾಯಲ್ಲಿ ತಂಗಮ್ಮನದು. ಇಪ್ಪತ್ತು ವರ್ಷ ಅಲ್ಲಿ ಕಾಫಿ ಹರಡಿ, ಕೈಯಾಡಿಸಿ, ಸಂಜೆ ಗುಡ್ಡೆ ಹಾಕಿ ಮುಚ್ಚಿದವಳು ಅವಳು. ಒಂದು ಬೀಜ ಹಲ್ಲಿಗಿಟ್ಟು ಕಚ್ಚಿದರೆ ಸಾಕು, ಇನ್ನೆಷ್ಟು ಬಿಸಿಲು ಬೇಕೆಂದು ಹೇಳಿಬಿಡುತ್ತಿದ್ದಳು. ಅವಳ ಕಾನೂನು ಒಂದೇ: ಕಣಕ್ಕೆ ಚಪ್ಪಲಿ ಮೆಟ್ಟಿ ಇಳಿಯಬಾರದು. ಒಮ್ಮೆ ಸಾಹುಕಾರರೇ ಬೂಟು ಹಾಕಿಕೊಂಡು ಬಂದಾಗ, "ಅಯ್ಯಾ, ಜನ ಕುಡಿಯೋ ವಸ್ತು ಅದು" ಎಂದು ತಡೆದು ನಿಲ್ಲಿಸಿದ್ದಳು. ಅವರು ತೆಪ್ಪಗೆ ಬೂಟು ಬಿಚ್ಚಿದರು.

ಇಂಥವಳಿಗೆ ಗಂಟುಬಿದ್ದ ಗಂಡ ಮಾತ್ರ ಒಂದು ಕಡೆ ನಿಲ್ಲುವ ಆಸಾಮಿಯಲ್ಲ. ಚೌಡಯ್ಯ ಮೊದಲು ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಎಂಜಿನ್ ರಿಪೇರಿ ಮಾಡಿಕೊಂಡಿದ್ದ. ಕುದುರೆಮುಖದಲ್ಲಿ ಗಣಿಯ ಕೆಲಸ ಶುರುವಾದಾಗ ಅಲ್ಲಿಗೆ ಹೋದ. ಅಲ್ಲಿ ಅವನ ಕೈಚಳಕ ಮೆಚ್ಚಿದ ಎಂಜಿನಿಯರೊಬ್ಬರು ಎಪ್ಪತ್ತೊಂಬತ್ತರಲ್ಲಿ ಅವನನ್ನು ಪರದೇಶದ ದೊಡ್ಡ ಪ್ರವಾಸಿ ಹಡಗಿನ ಎಂಜಿನ್ ಕೋಣೆಗೆ ಸೇರಿಸಿದರು. ಅಲ್ಲಿಂದಾಚೆಗೆ ವರ್ಷಕ್ಕೆ ಎರಡು ತಿಂಗಳು ಮನೆ, ಹತ್ತು ತಿಂಗಳು ನೀರು.

ತಂಗಮ್ಮನಿಗೆ ಓದು ಬಾರದು. ಗಂಡನ ಕಾಗದ ಬಂದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರುದ್ರಪ್ಪನವರು ಕಣದ ಅಂಚಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಹಡಗಿಗೆ ಹತ್ತು ಮಹಡಿ. ಒಳಗೆ ಸಿನಿಮಾ, ಮೇಲೆ ಈಜುವ ಕೊಳ. ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅದು ಸೂರ್ಯನೇ ಮುಳುಗದ ಬಡಗಣ ಊರುಗಳಿಗೆ ಹೋಗುತ್ತದೆ. ನಮ್ಮಲ್ಲಿ ಕಾಫಿ ಕುಯ್ಲು ಶುರುವಾದಾಗ ಬಿಸಿಲಿನ ದ್ವೀಪಗಳಿಗೆ ತಿರುಗುತ್ತದೆ. ಸಂಜೆ ಮೇಲಿನ ತೆರೆದ ಅಟ್ಟದಲ್ಲಿ ನಿಂತರೆ ಸುತ್ತಲೂ ಸಮುದ್ರ ಬಂಗಾರವಾಗುತ್ತದೆ.

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋಳು ನೀನು ತಂಗಮ್ಮಾ," ಎಂದು ರುದ್ರಪ್ಪನವರು ನಗುತ್ತಿದ್ದರು. "ಸೂರ್ಯ ಮುಳುಗದ ಊರು ಎಲ್ಲಾದ್ರೂ ಇರುತ್ತಾ ಮಾರಾಯ್ತಿ? ಮಂಗಳೂರಲ್ಲಿ ಇನ್ನೊಂದು ಮನೆ ಮಾಡಿರ್ತಾನೆ ನೋಡು."

"ಬಿಸಿಲು ಹುಡುಕ್ಕೊಂಡು ಹೋಗೋದ್ರಲ್ಲಿ ಸುಳ್ಳೇನು ಬಂತು ರೈಟ್ರೇ? ನಾನೂ ದಿನಾ ಮಾಡೋದು ಅದನ್ನೇ," ಎನ್ನುತ್ತಿದ್ದಳು ತಂಗಮ್ಮ. ಬಾಯಿ ಹಾಗೆ ಹೇಳಿದರೂ ಮನಸ್ಸು ಕೇಳಬೇಕಲ್ಲ. ಏಳು ವರ್ಷ ಆ ನಗು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಗಂಡ ನಿಜ ಬರೆಯುತ್ತಾನೋ ಇಲ್ಲವೋ ಎಂದು ತನ್ನ ಕಣ್ಣಿಂದಲೇ ನೋಡಬೇಕಿತ್ತು ಅವಳಿಗೆ.

ಎಂಬತ್ತಾರರ ಫೆಬ್ರವರಿಯಲ್ಲಿ ಆ ಕಾಲ ಬಂತು. ಹಡಗು ಈ ಸಲದ ಚಳಿಗಾಲದ ಯಾನದಲ್ಲಿ ಮಂಗಳೂರಿನ ಹೊಸ ಬಂದರಿನಲ್ಲಿ ಒಂದು ಹಗಲು ನಿಲ್ಲುತ್ತದೆ, ಹೆಂಡತಿಗೆ ತೋರಿಸಲು ಕ್ಯಾಪ್ಟನ್ ಎರಡು ಗಂಟೆ ಅನುಮತಿ ಕೊಟ್ಟಿದ್ದಾರೆ ಎಂದು ಕಾಗದ ಬಂತು. ಕಣ ತುಂಬ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಬಿದ್ದಿದ್ದ ದಿನಗಳು. ಕಣದ ಕೆಲಸದ ಹೆಂಗಸರಿಗೆ ಹತ್ತು ಸಲ ಎಚ್ಚರಿಕೆ ಹೇಳಿ ತಂಗಮ್ಮ ಹಡಗು ಬರುವ ಹಿಂದಿನ ದಿನವೇ ಬಸ್ಸು ಹತ್ತಿದಳು.

ಬಂದರಿನ ಗೇಟಿನಲ್ಲಿ ಚೌಡಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ಗೋದಾಮುಗಳ ಹಿಂದೆ ಒಂದು ಬಿಳಿ ಕಟ್ಟಡ ಎದ್ದು ನಿಂತಿತ್ತು. ತಂಗಮ್ಮ ಅದರ ಆಚೆ ಈಚೆ ಇಣುಕಿದಳು.

"ಹಡಗೆಲ್ಲಿ?"

"ನೀನು ನೋಡ್ತಾ ಇರೋದೇ ಹಡಗು."

ಅವಳ ಕಾಲು ಅಲ್ಲೇ ನಿಂತವು. ಕಿಟಕಿಯ ಸಾಲುಗಳನ್ನು ಕೆಳಗಿನಿಂದ ಬೆರಳು ಮಡಚಿ ಎಣಿಸಿದಳು. ಹತ್ತು. ಇಷ್ಟು ದೊಡ್ಡದನ್ನು ಮನುಷ್ಯರು ಕಟ್ಟಿದ್ದಾರೆ, ಅದು ನೀರಿನ ಮೇಲೆ ನಿಂತಿದೆ! ಅವಳಿಗೆ ಅಳು ಬಂದಂತಾಯಿತು, ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಒಳಗೆ ಹೆಜ್ಜೆ ಮುಳುಗುವ ರತ್ನಗಂಬಳಿ, ಹಗಲಲ್ಲೂ ಉರಿಯುವ ದೀಪದ ಗೊಂಚಲು. ಲಿಫ್ಟಿನಲ್ಲಿ ಅತಿ ಮೇಲಿನ ಅಟ್ಟಕ್ಕೆ ಬಂದಾಗ ತಂಗಮ್ಮ ಉಸಿರು ಬಿಗಿಹಿಡಿದಳು. ಎದುರಿಗೆ ಗುಡಿಸಿ ಒರೆಸಿದ ಮರದ ಹಲಗೆಯ ನೆಲ, ಮುಕ್ಕಾಲು ಎಕರೆಯಷ್ಟು, ನೆರಳಿನ ಚೂರೂ ಇಲ್ಲದೆ ಬಿಸಿಲಿಗೆ ತೆರೆದುಕೊಂಡು ಬಿದ್ದಿತ್ತು. ಇಂಥ ಕಣ ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ನಡುವೆ ತುಳಿಯದೆ ಅಂಚು ಹಿಡಿದು ನಡೆದಳು.

"ಏನು ಒಣಗಿಸ್ತಾರೆ ಇಲ್ಲಿ?"

"ಏನೂ ಇಲ್ಲ ಕಣೇ. ಜನ ಮಲಗಿ ಬಿಸಿಲು ಕಾಯಿಸ್ಕೊಳ್ತಾರೆ."

"ಕೊಳ ಎಲ್ಲಿ?"

ಚೌಡಯ್ಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ತಟ್ಟೆ ಹಿಡಿದು ಹೋಗುತ್ತಿದ್ದ ಒಬ್ಬ ಕೆಲಸದವನನ್ನು ನಿಲ್ಲಿಸಿ ಕೇಳಿದ. ತಂಗಮ್ಮ ಗಂಡನ ಮುಖವನ್ನೇ ನೋಡಿದಳು. ಏಳು ವರ್ಷದಿಂದ ಇರುವ ಮನೆಯಲ್ಲಿ ದಾರಿ ಕೇಳುವುದೆಂದರೇನು?

ಅವನು ತಲೆ ತಗ್ಗಿಸಿದ. "ನಾನೂ ಮೇಲೆ ಬಂದಿದ್ದು ಇವತ್ತೇ, ತಂಗಾ. ಎಂಜಿನ್ ಕೆಲಸದೋರು ಇಲ್ಲಿಗೆ ಬರೋ ಹಾಗಿಲ್ಲ. ಊಟ ಬಡಿಸೋರು ಹೇಳಿದ್ದನ್ನ ಕೇಳಿ ಬರೀತಿದ್ದೆ."

"ಸೂರ್ಯ ಮುಳುಗದೇ ಇರೋದು?"

"ಅದೂ ಕೇಳಿದ್ದೇ. ಕೆಳಗೆ ಕಿಟಕಿ ಇಲ್ಲ."

ತಂಗಮ್ಮನಿಗೆ ಮೊದಲು ಸಿಟ್ಟು ಬಂತು. ಅಷ್ಟರಲ್ಲಿ ಬರಿಗಾಲಿಗೆ ಏನೋ ತಾಗಿತು. ನೆಲ ಸಣ್ಣಗೆ ನಡುಗುತ್ತಿತ್ತು.

"ಇದೇನಿದು?"

"ಎಂಜಿನ್. ದೀಪಕ್ಕೆ, ನೀರಿಗೆ ಅಂತ ಸದಾ ಓಡ್ತಿರಬೇಕು. ನಂದೇ ಕೆಲಸ."

ಹತ್ತು ಮಹಡಿಯ ಆಚೆಗೂ ಗಂಡನ ಕೆಲಸ ಅವಳ ಅಂಗಾಲಿಗೆ ಮುಟ್ಟುತ್ತಿತ್ತು. ಈ ಬೆಟ್ಟದಂಥ ಹಡಗನ್ನು ಬಿಸಿಲಿನಿಂದ ಬಿಸಿಲಿಗೆ ಓಡಿಸಿದವನು ಬಿಸಿಲು ಕಂಡಿಲ್ಲ. ಅವಳ ಸಿಟ್ಟು ಕರಗಿಹೋಯಿತು. ಮರುಕದ ಜೊತೆಗೇ ಒಂದು ಹೆಮ್ಮೆ ಎದ್ದಿತು.

"ಬೂಟು ಬಿಚ್ಚಿ," ಎಂದಳು.

"ಯಾಕೆ?"

"ಬಿಚ್ಚಿ ಅಂದ್ರೆ ಬಿಚ್ಚಿ. ಇದು ಕಣ."

ಅವನ ಪಾದಗಳು ಗೆಣಸಿನ ಮೊಳಕೆಯಂತೆ ಬಿಳಿಚಿಕೊಂಡಿದ್ದವು. ಅವನ ಕೈ ಹಿಡಿದು ನಟ್ಟನಡುವೆ ಕರೆದೊಯ್ದು ನಿಲ್ಲಿಸಿದಳು. ಬಂದರಿನಾಚೆ ನೀಲಿ ಸಮುದ್ರ, ತಲೆಯ ಮೇಲೆ ಸೂರ್ಯ. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಅನುಮತಿಯ ಹೊತ್ತು ಮುಗಿಯುವವರೆಗೂ ಅವಳು ಅವನನ್ನು ಬಿಸಿಲಿನಿಂದ ಸರಿಯಲು ಬಿಡಲಿಲ್ಲ.

ಮಾರನೆಯ ದಿನ ಕಣದ ಅಂಚಿಗೆ ರುದ್ರಪ್ಪನವರು ಬಂದರು. ಹೆಂಗಸರೆಲ್ಲ ಕೆಲಸ ನಿಲ್ಲಿಸಿದರು.

"ಏನು ತಂಗಮ್ಮಾ, ಇತ್ತಾ ಹಡಗು?"

"ಇತ್ತು. ಹತ್ತು ಮಹಡಿ. ನಾನೇ ಎಣಿಸ್ದೆ."

ರುದ್ರಪ್ಪನವರ ನಗು ಅರ್ಧಕ್ಕೆ ನಿಂತಿತು. "ಹಾಗಾದ್ರೆ ಆ ಮುಳುಗದ ಸೂರ್ಯನ್ನೂ ಚೌಡಯ್ಯ ನೋಡಿದಾನೆ ಅಂತೀಯ?"

ತಂಗಮ್ಮ ಒಂದು ಬೀಜ ಕಚ್ಚಿ ನೋಡಿದಳು. ಇನ್ನೂ ಎರಡು ದಿನದ ಬಿಸಿಲು ಬೇಕಿತ್ತು.

"ನೋಡಿದಾರೆ ರೈಟ್ರೇ. ಅವ್ರು ಬರ್ದಿದ್ದೇ ಕಮ್ಮಿ," ಎಂದಳು. ಆಮೇಲೆ ಅವರ ಕಾಲಿನ ಕಡೆ ನೋಡಿ, "ಚಪ್ಪಲಿ ಆಚೆ ಬಿಡಿ," ಎಂದಳು.