ಸಿಪ್ಪೆ ಇರುವ ಬಾರ್ಲಿ

ನನ್ನ ಹೆಂಡತಿಯ ಕಿಡ್ನಿಯಲ್ಲಿ ಕಲ್ಲು ಇದ್ದದ್ದು ಅರಬ್ ನಾಡಿನ ಇಬ್ರಿ ಅನ್ನುವ ಊರಿನ ಒಂದೇ ಒಂದು ಅಂಗಡಿಯಲ್ಲಿ. ಬೇರೆಲ್ಲಿಯೂ ಇರಲಿಲ್ಲ. ಅವಳ ಹೊಟ್ಟೆಯಲ್ಲಂತೂ ಇರಲೇ ಇಲ್ಲ. ಆ ಕಲ್ಲನ್ನು ಅಲ್ಲಿ ಇಟ್ಟವನು ನಾನು, ಮನೆಯಲ್ಲಿ ಬಿಯರ್ ಮಾಡುವ ಹುಚ್ಚಿಗೆ ಬಿದ್ದು.

ಎಣ್ಣೆ ಬೆಲೆ ನೆಲಕಚ್ಚಿದ ಕಾಲ ಅದು. ತೈಲಬಾವಿಗಳಿಗೆ ಯಂತ್ರ ಒದಗಿಸುವ ಒಂದು ಕಂಪನಿಯಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ರಿಗ್ಗುಗಳು ಒಂದೊಂದಾಗಿ ನಿಂತವು. ಆಫೀಸಿನಲ್ಲಿ ಪ್ರತಿ ಗುರುವಾರ ಯಾರಿಗಾದರೂ ಬೀಳ್ಕೊಡುಗೆ, ಒಂದು ಕೇಕು. ಕೆಲವು ತಿಂಗಳಾದ ಮೇಲೆ ಕೇಕು ತರುವವನೇ ಹೋದ, ಕೇಕೂ ನಿಂತಿತು. ನನ್ನ ಕೆಲಸ ಉಳಿದಿತ್ತು. ಆದರೆ ಮಾಡಲು ಕೆಲಸವಿರಲಿಲ್ಲ. ಸಂಜೆ ನಾಲ್ಕಕ್ಕೆಲ್ಲ ಮನೆಗೆ ಬಂದು ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದೆ.

ನನ್ನ ಮೇಲಧಿಕಾರಿ ಒಬ್ಬ ಇಂಗ್ಲಿಷಿನವನು. ತನ್ನ ಸರದಿ ಬಂದ ದಿನ ಆತ ನನ್ನ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಹೋದ. ಒಳಗೆ ದೊಡ್ಡ ಗಾಜಿನ ಜಾಡಿ, ರಬ್ಬರ್ ಕೊಳವೆ, ಥರ್ಮಾಮೀಟರು, ಯೀಸ್ಟಿನ ಪೊಟ್ಟಣಗಳು, ಬೆಳ್ಳಿ ಬಣ್ಣದ ಒಂದು ಪ್ಯಾಕೆಟ್. ಪ್ಯಾಕೆಟ್ಟಿನಲ್ಲಿದ್ದುದು ಹಾಪ್, ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಒಂದು ಬಳ್ಳಿಯ ಹೂವು. ಅದನ್ನು ಒಣಗಿಸಿ ಒತ್ತಿ ಹಸಿರು ಗುಳಿಗೆ ಮಾಡಿದ್ದರು. ಜೊತೆಗೆ ಒಂದು ಚೀಟಿ ಬರೆದಿಟ್ಟಿದ್ದ: ಒಂದೇ ಮಾಲ್ಟ್, ಒಂದೇ ಹಾಪ್, ಮೊದಲ ವರ್ಷ ಇದರ ಆಚೆ ಹೋಗಬೇಡ, ನಾಲ್ಕು ಬೆರೆಸಿದರೆ ತಪ್ಪು ಯಾವುದರದ್ದು ಅಂತ ತಿಳಿಯುವುದಿಲ್ಲ.

ಹಾಪ್ ಇತ್ತು, ಮಾಲ್ಟ್ ಇರಲಿಲ್ಲ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಷ್ಟೇ. ಮನೆಯಲ್ಲಿ ಬಿಯರ್ ಮಾಡುವುದು ಅಲ್ಲಿನ ಕಾನೂನಿಗೆ ಒಪ್ಪುವ ಕೆಲಸವಲ್ಲ ಅಂತ ನನಗೆ ಗೊತ್ತಿತ್ತು. ಪರ್ಮಿಟ್ ತೋರಿಸಿ ಬಿಯರ್ ಕೊಳ್ಳಬಹುದಾದ ಅಂಗಡಿ ಗಂಟೆಗಟ್ಟಲೆ ದಾರಿಯ ದೂರದಲ್ಲಿತ್ತು ಅನ್ನುವುದು ನೆಪ. ನಿಜ ಹೇಳಬೇಕೆಂದರೆ, ಕೈಗೆ ಏನಾದರೂ ಕೆಲಸ ಬೇಕಾಗಿತ್ತು.

ಸೂಪರ್‌ಮಾರ್ಕೆಟ್ಟಿನಿಂದ ಬಿಳಿ ಬಾರ್ಲಿಯ ಪ್ಯಾಕೆಟ್ ತಂದು ನೆನೆಹಾಕಿದೆ. ಮೂರು ದಿನ ಕಾದೆ. ಮೊಳಕೆ ಬರಲಿಲ್ಲ, ನಾತ ಬಂತು. ಹೆಂಡತಿ ಮೂಗು ಮುಚ್ಚಿಕೊಂಡು ಪಾತ್ರೆಯೊಳಗೆ ಇಣುಕಿದಳು.

"ಪಾಲಿಶ್ ಮಾಡಿರೋ ಕಾಳಿಗೆ ಎಲ್ಲಾದ್ರೂ ಮೊಳಕೆ ಬರುತ್ತೇನ್ರೀ? ಸಿಪ್ಪೆ ಇರೋದು ತನ್ನಿ. ಇಂಜಿನಿಯರ್ ಅಂತೆ, ಇಂಜಿನಿಯರ್."

ಮಗಳು ಕೂಸಾಗಿದ್ದಾಗ ಮೈಸೂರಿನ ಮನೆಯ ಅಟ್ಟದಲ್ಲಿ ಬಟ್ಟೆ ಕಟ್ಟಿ ರಾಗಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಸರಿ ಹಿಟ್ಟು ಮಾಡಿದವಳು ಅವಳು. ಮೊಳಕೆಯ ವಿಷಯದಲ್ಲಿ ಅವಳ ಮುಂದೆ ನಾನು ಬಾಯಿ ಬಿಡುವ ಹಾಗಿರಲಿಲ್ಲ.

ಸಿಪ್ಪೆ ಇರುವ ಬಾರ್ಲಿ ಆಡುಗಳ ಮೇವು. ಅದು ಸಿಗುತ್ತಿದ್ದುದು ಸೂಕ್ ಅನ್ನುವ ಅಲ್ಲಿನ ಹಳೆ ಪೇಟೆಯ ಪಕ್ಕ ಬಂಟ್ವಾಳದ ಕಡೆಯ ಒಬ್ಬ ಬ್ಯಾರಿ ಇಟ್ಟಿದ್ದ ದಿನಸಿ ಅಂಗಡಿಯಲ್ಲಿ. ನಾನು ಅವರನ್ನು ಸಾಹೇಬ್ರೇ ಅನ್ನುತ್ತಿದ್ದೆ, ಅವರು ನನ್ನನ್ನು ಸಾರ್ ಅನ್ನುತ್ತಿದ್ದರು. ಅರವತ್ತರ ಆಸುಪಾಸು, ತಲೆಯ ಮೇಲೆ ಬಿಳಿ ಟೋಪಿ, ಎದೆಯ ಜೇಬಿನಲ್ಲಿ ಕನ್ನಡಕ. ಹತ್ತು ವರ್ಷದಿಂದ ಆ ಊರಿನಲ್ಲಿ ನಾನು ಕನ್ನಡದಲ್ಲಿ ಹರಟುತ್ತಿದ್ದುದು ಹೆಂಡತಿಯನ್ನು ಬಿಟ್ಟರೆ ಅವರ ಹತ್ತಿರ ಮಾತ್ರ. ಸಾಮಾನು ಬೇಕಿಲ್ಲದ ದಿನವೂ ಹೋಗಿ ಅಕ್ಕಿ ಮೂಟೆಯ ಮೇಲೆ ಕೂರುತ್ತಿದ್ದೆ.

"ಎಂಥಕ್ಕೆ ಸಾರ್ ಬಾರ್ಲಿ? ಆಡು ಸಾಕ್ಲಿಕ್ಕೆ ಶುರು ಮಾಡಿದ್ರಾ?" ಅಂತ ನಕ್ಕರು.

ಒಳ್ಳೆಯ ಮನುಷ್ಯ, ಐದು ಹೊತ್ತಿನ ನಮಾಜು ತಪ್ಪಿಸದವರು. ಬಿಯರಿಗೆ ಅಂತ ಹೇಗೆ ಹೇಳಲಿ? ನಮ್ಮಪ್ಪನಿಗೆ ಅಮ್ಮ ಬಾರ್ಲಿ ನೀರು ಕಾಯಿಸಿಕೊಡುತ್ತಿದ್ದುದು ನೆನಪಾಯಿತು.

"ಮನೆಯವಳಿಗೆ ಕಿಡ್ನಿ ಸ್ಟೋನು ಸಾಹೇಬ್ರೇ. ಬಾರ್ಲಿ ನೀರು ಕುಡಿಸ್ಬೇಕು."

"ಅಲ್ಲಾ, ಪಾಪ. ಅದಕ್ಕೆ ಪ್ಯಾಕೆಟಿನದ್ದು ಉಂಟಲ್ಲ, ಕ್ಲೀನ್ ಮಾಡಿದ್ದು. ಇದು ಆಡು ತಿನ್ನುವುದು."

"ಸಿಪ್ಪೆ ಇರೋದೇ ಆಗ್ಬೇಕಂತೆ. ಸತ್ವ ಎಲ್ಲ ಸಿಪ್ಪೇಲೇ ಇರೋದಂತೆ."

"ಎಷ್ಟು ಕೊಡ್ಲಿ?"

"ಐದು ಕಿಲೋ."

ಅವರ ಕೈ ಚೀಲದೊಳಗೇ ನಿಂತಿತು. "ಅಷ್ಟು ದೊಡ್ಡ ಕಲ್ಲಾ ಸಾರ್?"

ಹೌದು ಅನ್ನುವ ಹಾಗೆ ಮುಖ ಸಪ್ಪೆ ಮಾಡಿದೆ. ಅವರು ತೂಗಿ ಕೊಟ್ಟು, ಮೇಲೆ ಒಂದು ಹಿಡಿ ಹಾಕಿದರು.

ಮನೆಯಲ್ಲಿ ಹೆಂಡತಿ ಸೆರಗು ಸಿಕ್ಕಿಸಿ ನಿಂತಳು. ಒಂದು ದಿನ ನೆನೆಸಿ, ಹಳೆಯ ಪಂಚೆಯಲ್ಲಿ ಕಟ್ಟಿ, ಹೊತ್ತುಹೊತ್ತಿಗೆ ನೀರು ಚಿಮುಕಿಸಿ, ಕೈಯಾಡಿಸಿ ಬಿಸಿ ನೋಡಿ, ಮೂರನೆಯ ದಿನಕ್ಕೆ ಬಿಳಿ ಬೇರು ಬರಿಸಿದಳು. ತಾರಸಿಯ ಬಿಸಿಲಿಗೆ ಹರವಿದರೆ ಒಂದೇ ದಿನದಲ್ಲಿ ಗರಿಗರಿ. ಆಮೇಲೆ ಓವನ್ನಿನಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮೊರದಲ್ಲಿ ಉಜ್ಜಿ ಕೇರಿದಳು. ಅಡುಗೆಮನೆಯ ತುಂಬ ಹುರಿಹಿಟ್ಟಿನ ವಾಸನೆ ಆಡಿತು. "ಮೊಳಕೆ ನನ್ನದು, ಪಾಪ ನಿಮ್ಮದು" ಅಂತ ಡಬ್ಬ ನನ್ನ ಕೈಗಿಟ್ಟಳು. ಕುಡಿತದ ಹೆಸರೆತ್ತಿದರೆ ಮುಖ ಗಂಟಿಕ್ಕುವವಳಿಗೆ ತನ್ನ ಮಾಲ್ಟಿನ ಮೇಲೆ ಮಾತ್ರ ಬಹಳ ಹೆಮ್ಮೆ.

ಮೊದಲ ಸಲ ಮಿಕ್ಸಿಯಲ್ಲಿ ನುಣ್ಣಗೆ ಬೀಸಿಬಿಟ್ಟೆ. ಬಿಸಿನೀರು ಹಾಕಿದರೆ ಅಂಬಲಿಯಾಗಿ ಕೂತಿತು, ಸೋಸಲು ಆಗಲೇ ಇಲ್ಲ. ಎರಡನೆಯ ಸಲ ತರಿತರಿಯಾಗಿ ಒಡೆದು, ಸೈಟಿಗೆ ನೀರು ಒಯ್ಯುವ ದಪ್ಪ ಪ್ಲಾಸ್ಟಿಕ್ ಕೂಲರಿನಲ್ಲಿ ಬಿಸಿನೀರಿನ ಜೊತೆ ಒಂದೂವರೆ ಗಂಟೆ ಮುಚ್ಚಿಟ್ಟೆ. ಸಿಹಿ ಇಳಿದ ನೀರನ್ನು ಪಂಚೆಯಲ್ಲಿ ಸೋಸಿ, ಹಾಪ್ ಗುಳಿಗೆ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಸೇರಿಸಿ ಜಾಡಿಗೆ ತುಂಬಿದೆ. ಅತಿಥಿಗಳ ಸ್ನಾನದ ಮನೆಯಲ್ಲಿ, ಏಸಿಯ ತಂಪು ತಾಗುವ ಹಾಗೆ ಬಾಗಿಲು ಓರೆ ಮಾಡಿ ಇಟ್ಟೆ. ಮಾರನೆಯ ದಿನ ಜಾಡಿ ಗುಳುಕ್ ಗುಳುಕ್ ಅನ್ನತೊಡಗಿತು. ಆಫೀಸಿನಿಂದ ಬಂದವನು ಬೂಟು ಬಿಚ್ಚದೆ ಅದರ ಮುಂದೆ ನಿಲ್ಲುತ್ತಿದ್ದೆ.

ಸೋಸಿ ಉಳಿದ ಬಾರ್ಲಿ ಚರಟವನ್ನು ಎಸೆಯಲು ಹೆಂಡತಿ ಬಿಡಲಿಲ್ಲ. ಬಕೆಟ್ಟಿನಲ್ಲಿ ತುಂಬಿ ಸಾಹೇಬರ ಅಂಗಡಿಗೆ ಒಯ್ದೆ. ಹಿಂದಿನ ಅಂಗಳದಲ್ಲಿ ಅವರ ಕಫೀಲ್, ಅಂದರೆ ಅಂಗಡಿಗೆ ಹೆಸರು ಕೊಟ್ಟ ಅಲ್ಲಿನ ಅರಬ್ ಯಜಮಾನ, ಆಡುಗಳನ್ನು ಕಟ್ಟಿದ್ದ. "ನೀರು ಬಸಿದ ಮೇಲೆ ಉಳಿದದ್ದು" ಅಂದೆ. ಸಾಹೇಬರು ಒಂದು ಚಿಟಿಕೆ ತೆಗೆದು, ಕನ್ನಡಕ ಹಾಕಿಕೊಂಡು ನೋಡಿದರು, ಮೂಸಿದರು. "ಆಡುಗಳಿಗೆ ಖುಷಿ ಆಗ್ತದೆ" ಅಂದರು. ಆಡುಗಳು ಬಕೆಟ್ಟಿನ ತಳ ನೆಕ್ಕಿದವು.

ಮೂರು ವಾರ ಕಳೆದು ಶುಕ್ರವಾರದ ಊಟವಾದ ಮೇಲೆ ಮೊದಲ ಬಾಟಲಿ ತೆರೆದೆ. ತಿಳಿಸಾರಿನ ಬಣ್ಣ, ಮೇಲೆ ಬೆರಳಗಲ ನೊರೆ. ಮೊದಲು ಹುರಿದ ಧಾನ್ಯದ ರುಚಿ, ಹಿಂದಿನಿಂದ ಕಿತ್ತಳೆ ಸಿಪ್ಪೆಯಂಥ ಕಹಿ. ಒಂದು ಮಾಲ್ಟ್, ಒಂದು ಹಾಪ್, ಎರಡೂ ಬೇರೆಬೇರೆಯಾಗಿ ನಾಲಿಗೆಗೆ ಸಿಗುತ್ತಿದ್ದವು. ಅಷ್ಟು ಸಂತೋಷ ನನಗೆ ಆ ವರ್ಷ ಬೇರೆ ಯಾವುದರಿಂದಲೂ ಆಗಿರಲಿಲ್ಲ. ಹೆಂಡತಿ ಲೋಟ ಮೂಸಿ, "ವಾಸನೆ ಚೆನ್ನಾಗಿದೆ, ಬುದ್ಧಿ ಚೆನ್ನಾಗಿಲ್ಲ" ಅಂದಳು.

ಹೀಗೆ ಎರಡು ತಿಂಗಳಿಗೊಮ್ಮೆ ಐದು ಕಿಲೋ. ಹೋದಾಗಲೆಲ್ಲ ಸಾಹೇಬರು ಕಲ್ಲಿನ ಕ್ಷೇಮ ವಿಚಾರಿಸುತ್ತಿದ್ದರು. "ಸ್ವಲ್ಪ ಕರಗಿದೆ" ಅನ್ನುತ್ತಿದ್ದೆ. ಒಂದು ಸಲ ಊರಿನಿಂದ ಬಂದವರ ಕೈಯಲ್ಲಿ ತರಿಸಿದ ಬಾಳೆದಿಂಡನ್ನು ಕಾಗದದಲ್ಲಿ ಸುತ್ತಿ ಕೊಟ್ಟರು, ರಸ ಹಿಂಡಿ ಕುಡಿಸಿ ಅಂತ. ನಾವು ಪಲ್ಯ ಮಾಡಿಕೊಂಡು ತಿಂದೆವು. ಹೆಂಡತಿಗೆ ಕಲ್ಲಿನ ಸುದ್ದಿ ನಾನು ಹೇಳಿರಲಿಲ್ಲ. ಒಂದು ದಿನ ತೆಂಗಿನಕಾಯಿಗೆಂದು ಅವಳೊಬ್ಬಳೇ ಅಂಗಡಿಗೆ ಹೋದಳು. ಬಂದವಳ ಮುಖ ಕೆಂಪಾಗಿತ್ತು.

"ಸ್ಟೂಲ್ ಹಾಕಿ ಕೂರಿಸ್ತಾರೆ. ನೋವು ಜಾಸ್ತಿ ಉಂಟಾ ಅಕ್ಕ ಅಂತಾರೆ. ಯಾವ ನೋವು ಅಂತ ನನಗೆ ಗೊತ್ತಿದ್ರೆ ತಾನೇ? ಹಲ್ಲು ನೋವೇನೋ ಅಂದ್ಕೊಂಡು ದವಡೆ ಹಿಡ್ಕೊಂಡೆ."

ಕಲ್ಲಿನ ಕಥೆ ಹೇಳಿ ನಾನು ನಕ್ಕೆ. ಅವಳು ನಗಲಿಲ್ಲ. "ಅವರ ಕಣ್ಣಲ್ಲಿ ನಿಜವಾಗಲೂ ಚಿಂತೆ ಇತ್ತು ಕಣ್ರೀ" ಅಂದಳು.

ಅದಾದ ಕೆಲವು ದಿನಕ್ಕೆ ಸಾಹೇಬರು ಬುರೈಮಿ ಗಡಿ ದಾಟಿ ಬಸ್ಸಿನಲ್ಲಿ ಉಮ್ರಾಕ್ಕೆ, ಅಂದರೆ ಕಾಬಾದ ಯಾತ್ರೆಗೆ, ಹೊರಟರು. ಹತ್ತು ದಿನದ ಮೇಲೆ ಒಂದು ಸಂಜೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು, ತಲೆ ಬೋಳಿಸಿಕೊಂಡು, ಒಂದು ಕೈಯಲ್ಲಿ ಖರ್ಜೂರ, ಇನ್ನೊಂದರಲ್ಲಿ ಪುಟ್ಟ ಕ್ಯಾನು. ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಸೋಫಾದ ತುದಿಯಲ್ಲಿ ಕೂತು ಕ್ಯಾನನ್ನು ಎರಡೂ ಕೈಯಿಂದ ಹೆಂಡತಿಗೆ ಕೊಟ್ಟರು.

"ಜಮ್‌ಜಮ್ ನೀರು ಅಕ್ಕ. ಕಾಬಾದ ಎದುರು ನಿಂತು ನಿಮ್ಮ ಕಲ್ಲು ಹೋಗ್ಲಿ ಅಂತ ದುವಾ ಮಾಡಿ ಬಂದಿದ್ದೇನೆ. ಒಂದೊಂದು ಗುಟುಕು ಕುಡೀರಿ."

ಅಷ್ಟರಲ್ಲಿ ಸ್ನಾನದ ಮನೆಯ ಜಾಡಿ ಗುಳುಕ್ ಅಂದಿತು. ಮತ್ತೆ ಗುಳುಕ್ ಅಂದಿತು. ಸಾಹೇಬರು ಆ ಕಡೆ ತಿರುಗಿ ನೋಡಿದರು.

"ನಲ್ಲಿ ಲೀಕಾ ಸಾರ್?"

"ಹೂಂ ಸಾಹೇಬ್ರೇ."

"ಪ್ಲಂಬರನ್ನು ಕಳಿಸ್ಲಾ?"

"ಬೇಡ, ನಾನೇ ಮಾಡ್ತೀನಿ."

ಅವರು ಹೆಂಡತಿ ಕೊಟ್ಟ ಕಾಫಿಯನ್ನು ಮೆಲ್ಲಗೆ ಕುಡಿದು ಹೋದರು. ಹೆಂಡತಿ ಕ್ಯಾನನ್ನು ದೇವರ ಗೂಡಿನಲ್ಲಿ, ಗಂಗಾಜಲದ ಗಿಂಡಿಯ ಪಕ್ಕ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಅವರಿಗೆ ನಿಜ ಹೇಳಿ. ಹೇಳೋವರೆಗೂ ನಾನು ಒಂದು ಕಾಳಿಗೂ ಮೊಳಕೆ ಬರಿಸಲ್ಲ" ಅಂದಳು.

ಆ ಜಾಡಿಯ ಬಿಯರು ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ. ನನಗೆ ನಾಚಿಕೆಯಾಗಿತ್ತು. ಇಲ್ಲದ ಕಾಯಿಲೆಗೆ ಒಬ್ಬ ಮನುಷ್ಯ ಅಷ್ಟು ದೂರ ಹೋಗಿ ದೇವರನ್ನು ಕೇಳಿಕೊಂಡು ಬಂದಿದ್ದ. ಪೆಟ್ಟಿಗೆಯ ಚೀಟಿ ಮತ್ತೆ ಕಣ್ಣಿಗೆ ಬಿತ್ತು. ಇಲ್ಲೂ ಬೇರೇನೂ ಬೆರೆತಿರಲಿಲ್ಲ, ತಪ್ಪು ಯಾರದ್ದು ಅಂತ ಹುಡುಕಬೇಕಾಗಿರಲಿಲ್ಲ. ಆದರೂ ಹೇಳುವ ಧೈರ್ಯ ಬರಲಿಲ್ಲ. ಹೇಳಿದರೆ ಅಕ್ಕಿ ಮೂಟೆಯ ಮೇಲಿನ ನನ್ನ ಜಾಗ ಹೋಗುತ್ತದೆ ಅನ್ನುವ ಭಯ. ನಾಳೆ ಅಂದೆ, ಮುಂದಿನ ವಾರ ಅಂದೆ. ಅಂಗಡಿಯ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ.

ಅಷ್ಟರಲ್ಲಿ ಸುದ್ದಿ ಬಂತು. ರಿಗ್ಗಿನ ಕೆಲಸಗಾರರ ಕ್ಯಾಂಪುಗಳು ಖಾಲಿಯಾಗಿ ಗಿರಾಕಿಗಳೇ ಇಲ್ಲದೆ ಸಾಹೇಬರು ಅಂಗಡಿ ಮುಚ್ಚುತ್ತಿದ್ದಾರೆ, ಆ ವಾರವೇ ಊರಿಗೆ ಹೋಗುತ್ತಾರೆ, ತಿರುಗಿ ಬರುವುದಿಲ್ಲ. ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಕಾರಿನ ಹತ್ತಿರ ನಿಂತಳು. "ಇವತ್ತು ಹೇಳದಿದ್ರೆ ಸಾಯೋವರೆಗೂ ನಿಮ್ಮ ಮನಸ್ಸಿನಲ್ಲೇ ಉಳಿಯುತ್ತೆ. ನನ್ನ ಮನಸ್ಸಿನಲ್ಲೂ."

ಅಂಗಡಿಯ ಕಪಾಟುಗಳು ಬರಿದಾಗಿದ್ದವು. ಸಾಹೇಬರು ತಕ್ಕಡಿಗೆ ಬಟ್ಟೆ ಸುತ್ತುತ್ತಿದ್ದರು. ನಮ್ಮನ್ನು ನೋಡಿ ಎದ್ದು, ಕೂರಲು ಮೂಟೆ ಹುಡುಕಿದರು. ಮೂಟೆಗಳಿರಲಿಲ್ಲ.

"ಸಾಹೇಬ್ರೇ, ಒಂದು ಮಾತು ಹೇಳ್ಬೇಕು. ಆ ಬಾರ್ಲಿ ಇದೆಯಲ್ಲ, ಅದು..."

ಅವರು ಕೈ ಎತ್ತಿ ತಡೆದರು.

"ಬೇಡ ಸಾರ್. ನಾನು ಬಾರ್ಲಿ ಕೊಟ್ಟದ್ದು ಅಕ್ಕನ ಕಲ್ಲಿಗೆ. ಅಷ್ಟೇ ನಂಗೆ ಗೊತ್ತಿರುವುದು, ಅಷ್ಟೇ ಇರ್ಲಿ. ಬೇರೆ ಎಂಥದಕ್ಕೋ ಅಂತ ಗೊತ್ತಿದ್ದೂ ಕೊಟ್ಟರೆ ನನಗದು ಹರಾಂ. ಅದಕ್ಕೇ ನಾನು ಕೇಳಿದವನಲ್ಲ. ಈಗ ನೀವು ಹೇಳಿದ್ರೆ ನಿಮ್ಮ ಮನಸ್ಸು ಹಗುರ ಆಗ್ತದೆ, ನಂದು ಭಾರ ಆಗ್ತದೆ. ನಾನು ಹಗುರವಾಗಿ ಊರಿಗೆ ಹೋಗ್ತೇನೆ, ಅಲ್ವಾ?"

ಸಾಹೇಬರು ಹೆಂಡತಿಯ ಕಡೆ ತಿರುಗಿದರು.

"ಅಕ್ಕ, ಕಲ್ಲು ಹೋಯ್ತಲ್ಲ?"

ನಿಜ ಹೇಳಿಸಬೇಕೆಂದೇ ನನ್ನನ್ನು ಎಳೆದು ತಂದವಳು ಅವಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಅವಳ ಬಾಯಲ್ಲಿ ನಾನು ಒಂದು ಸುಳ್ಳು ಕೇಳಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಅವರ ಮುಖವನ್ನೇ ನೋಡಿದಳು.

"ಹೋಯ್ತು ಸಾಹೇಬ್ರೇ. ನೀವು ತಂದ ನೀರು ಕುಡಿದ ಮೇಲೆ ಪೂರ್ತಿ ಹೋಯ್ತು."

"ಅಲ್‌ಹಮ್ದುಲಿಲ್ಲಾ" ಅಂತ ಅವರು ಎದೆಯ ಮೇಲೆ ಕೈಯಿಟ್ಟರು. ಆಮೇಲೆ ಮೇಜಿನ ಕೆಳಗೆ ಬಗ್ಗಿ ಬಿಳಿ ಬಾರ್ಲಿಯ ಒಂದು ಪ್ಯಾಕೆಟ್ ತೆಗೆದು ನನ್ನ ಕೈಗಿಟ್ಟರು. ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಸಾಮಾನು ಅದೇ ಇರಬೇಕು. "ಕಲ್ಲು ಪುನಃ ಬಂದ್ರೆ ಇದನ್ನು ಕುದಿಸಿ ಸಾರ್. ಇದು ಕ್ಲೀನ್ ಮಾಡಿದ್ದು. ಮೊಳಕೆ ಬರುವುದಿಲ್ಲ" ಅಂದು, ಮುಖ ಆಚೆ ತಿರುಗಿಸಿ ತಕ್ಕಡಿಯ ಗಂಟು ಬಿಗಿದರು.

ಕಾರಿನಲ್ಲಿ ಹೆಂಡತಿ ರೌಂಡಬೌಟ್ ದಾಟಿದ ಮೇಲೆ ಕಣ್ಣೊರೆಸಿಕೊಂಡಳು.

"ನೀನೂ ಸುಳ್ಳು ಹೇಳಿಬಿಟ್ಟೆ" ಅಂದೆ.

"ಹೇಳಿದೆ" ಅಂದಳು. "ಅಷ್ಟು ದೂರ ಹೋಗಿ ನನಗೋಸ್ಕರ ಕೇಳಿಕೊಂಡಿದ್ರು. ಅದು ಫಲಿಸಲಿಲ್ಲ ಅಂತ ಅವರ ಮುಖ ನೋಡಿ ಹೇಗೆ ಹೇಳಲಿ?"