ಗೋಡೆಯಾಚೆಯ ಮಗ್ಗ

ಇವತ್ತು ಹೊಳಲ್ಕೆರೆ ಸಂತೆಯಲ್ಲಿ ಹೊಸ ಕಂಬಳಿಯ ಉಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ದುರ್ಗದ ಹಳೇ ಜೈಲಿನ ಗೋಡೆಗೆ ಅಂಟಿಕೊಂಡಿದ್ದ ನಮ್ಮ ಕ್ವಾರ್ಟರ್ಸ್ ನೆನಪಾಯಿತು. ಅಪ್ಪ ಅಲ್ಲಿ ವಾರ್ಡರ್. ಗೋಡೆಯಾಚೆ ಒಬ್ಬ ಕೈದಿ ದಿನವಿಡೀ ಕಂಬಳಿ ನೇಯುತ್ತಿದ್ದ. ಹೆಂಡತಿಯನ್ನೂ ಪುಟ್ಟ ಮಗಳನ್ನೂ ಬಾವಿಗೆ ನೂಕಿ ಕೊಂದಿದ್ದ ಅವನನ್ನು ಊರೆಲ್ಲ ಬಾವಿ ತಿಮ್ಮ ಅನ್ನುತ್ತಿತ್ತು. ನಾನು ಅವನನ್ನು ನೋಡಿರಲಿಲ್ಲ. ಮಗ್ಗದ ಸದ್ದಷ್ಟೇ ಗೊತ್ತಿತ್ತು.

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಬಂದವರೇ ನನ್ನ ಎಡಗಾಲು ಎತ್ತಿ ನೋಡಿದರು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟಿದ್ದ ಜಾಲಿಮುಳ್ಳು ಅಂಗಾಲಲ್ಲಿ ಕೀವುಗಟ್ಟಿತ್ತು.

"ನಿಮಗ್ಯಾರು ಹೇಳಿದ್ರು?" ಅಮ್ಮ ಕೇಳಿದಳು.

"ತಿಮ್ಮ. 'ನಿಮ್ಮ ಮಗಳು ಮೂರು ದಿನದಿಂದ ಎಡಗಾಲು ಊರ್ತಿಲ್ಲ, ನೋಡ್ರಿ ಸಾಮಿ' ಅಂದ. ಹೆಜ್ಜೆ ಸಪ್ಪಳ ಕೇಳಿಸ್ಕಂತಾ ಕುಂತಿರ್ತಾನಂತೆ."

ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರದೂ ಪಿಸುಮಾತು.

ಕಾಲು ವಾಸಿಯಾದ ಮೇಲೆ ಒಂದು ಸಂಜೆ ಗೋಡೆಗೆ ಬಾಯಿಟ್ಟು, "ತಿಮ್ಮಣ್ಣ, ಕಾಲು ವಾಸಿ ಆತು" ಎಂದೆ. ಮಗ್ಗ ನಿಂತಿತು. ಸ್ವಲ್ಪ ಹೊತ್ತಿಗೆ, ನನ್ನ ಕಿವಿಯ ಪಕ್ಕದಲ್ಲೇ ಇದ್ದಂತೆ, ಗೋಡೆಯೊಳಗಿಂದ ದನಿ ಬಂತು.

"ಒಂದ್ಸಲ ನಡಿಯವ್ವ, ಕೇಳಾಣ."

ನಾನು ನಡೆಯಲಿಲ್ಲ, ಓಡಿದೆ. ಮತ್ತೆ ಆ ಗೋಡೆಯ ಹತ್ತಿರ ಹೋಗಲೇ ಇಲ್ಲ.

ನಾಲ್ಕು ಹೆಜ್ಜೆ ನಡೆಯಬಹುದಿತ್ತು ಎಂದು ಈಗ, ಅರವತ್ತು ದಾಟಿದ ಮೇಲೆ, ಅನ್ನಿಸುತ್ತದೆ. ಹಾಗನ್ನಿಸಿದಾಗಲೂ ಮೈ ಜುಮ್ಮೆನ್ನುತ್ತದೆ.